ಅಕ್ಕನ ರಿಂಗ್‌ಟೋನ್

ಮೆಲ್ಲಗೆ ಹೇಳ್ತೀನಿ, ಮಕ್ಕಳು ಮಲಗಿವೆ. ನಮ್ಮ ಚಿಕ್ಕಪ್ಪನ ಮಗ, ಎಲ್ಲರೂ ಟಿಂಗಣ್ಣ ಅಂತಾರಲ್ಲ ಅವನು, ಅವತ್ತು ರಾತ್ರಿ ಹನ್ನೊಂದಕ್ಕೆ ಅಂಗಡಿ ಷಟರ್ ಎಳೆದು, ಜಾಲರಿ ಮುಚ್ಚಿದ ಹಳೇ ಬಾವಿ ಪಕ್ಕದಲ್ಲಿ ಹಾದು ಮನೆಗೆ ಬರ್ತಿದ್ದ. ಜೇಬಲ್ಲಿ ಫೋನು ಕೂಗಿತು.

"ಲೋ... ಕೇಳಿಸ್ತಿದೆಯಾ... ಸುಂಯ್... ಸುಂಯ್..."

ಅವನ ಅಕ್ಕನ ದನಿ. ಅಕ್ಕ ಸತ್ತು ಆಗಲೇ ಇಪ್ಪತ್ತು ದಿನ.

ಈ ಭೂಪನ ಕಸುಬು ಹೇಳಿಬಿಡ್ತೀನಿ. ಮೊಬೈಲ್ ಅಂಗಡಿ. ಕವರ್ ಮಾರೋದು ಹೆಸರಿಗೆ, ಚಟವೆಲ್ಲ ರಿಂಗ್‌ಟೋನ್ ಕತ್ತರಿಸೋದು. ದರ್ಜಿಯ ಸೀನು, ಮಾವನ ಗೊರಕೆ, ಯಾರದೋ ಮಗುವಿನ ಅಳು... ಏನು ಸಿಕ್ಕರೂ ರೆಕಾರ್ಡು ಮಾಡಿ, ಹಿಂದೆ ಮುಂದೆ ಕತ್ತರಿಸಿ, ಫೋನಿಗೆ ಹಾಕ್ಕೊಂಡು ಹಲ್ಲು ಕಿರಿಯೋದು. ಎದುರಿಗೆ ಅಳ್ತಿರೋದು ಮನುಷ್ಯರು ಅನ್ನೋ ಖಬರೇ ಇಲ್ಲ ದರಿದ್ರದವನಿಗೆ.

ಅಕ್ಕನಿಗೆ ಉಬ್ಬಸ. ತಾಯಿ ಹೋದ ಮೇಲೆ ಇವನನ್ನ ಎತ್ತಿ ಆಡಿಸಿ ಸಾಕಿದವಳೇ ಅವಳು. ಪಕ್ಕದ ಬೀದೀಲಿ ಒಬ್ಬಳೇ ಇದ್ದಳು. ಉಸಿರು ಕಟ್ಟಿದಾಗ ಬಾಯಿಗಿಟ್ಟು ಒತ್ತೋ ಪಂಪು ಸದಾ ದಿಂಬಿನ ಪಕ್ಕ ಇರಬೇಕು. ಒಂದು ಸಂಜೆ ಇವನು ಹೋದ.

"ಅಕ್ಕಾ, ನಿನ್ನ ಪಂಪಿನ ಪುಸ್ ಅನ್ನೋ ಸದ್ದು ಮೆಸೇಜಿಗೆ ಭಾಳ ಚೆನ್ನಾಗಿರುತ್ತೆ ಕಣೇ!"

"ಔಷಧಿ ದಂಡ ಮಾಡಬೇಡ್ವೋ" ಅಂದಳು, ನಗ್ತಾನೇ ಅಡುಗೆಮನೆಗೆ ಹೋದಳು.

ಗೋಡೆಯಿಂದ ಸದ್ದು ವಾಪಸು ಬರಬಾರದಂತೆ. ಅದಕ್ಕೇ ಕುರ್ಚಿ ಹತ್ತಿ, ಬೀರು ಮೇಲೆ ಮಡಿಸಿಟ್ಟ ರಗ್ಗುಗಳ ಒಳಗೆ ಫೋನು ತೂರಿಸಿ, ಆರು ಸಲ ಪಂಪು ಒತ್ತಿದ. ಫೋನು ತಗೊಂಡು ಇಳಿದ. ಪಂಪು ರಗ್ಗಿನೊಳಗೇ ಉಳೀತು.

ಅದೇ ರಾತ್ರಿ ಅಕ್ಕನಿಂದ ವಾಯ್ಸ್ ಮೆಸೇಜು. ಪೂರಾ ಒಂದು ನಿಮಿಷದ್ದು. ಇವನು ಐದು ಸೆಕೆಂಡು ಕೇಳಿ ಕಿಸಕ್ಕನೆ ನಕ್ಕ. ಅಷ್ಟನ್ನೇ ಕತ್ತರಿಸಿ ಅವಳ ನಂಬರಿಗೆ ರಿಂಗ್‌ಟೋನ್ ಮಾಡಿದ. ಮಿಕ್ಕಿದ್ದನ್ನ ಕೇಳದೇ ಅಳಿಸಿದ!

ಬೆಳಿಗ್ಗೆ ಅಕ್ಕ ಮಂಚದ ಕೆಳಗೆ ಬಿದ್ದಿದ್ದಳು. ದಿಂಬು, ಹಾಸಿಗೆ ಎಲ್ಲ ಕಿತ್ತು ಎಸೆದಿದ್ದಳು. "ಪಂಪು ಎಲ್ಲಿ ಹೋಯ್ತು?" ಅಂತ ಎಲ್ಲರೂ ಹುಡುಕಿದ್ವಿ. ಇವನಿಗೆ ಆ ಕ್ಷಣಕ್ಕೇ ನೆನಪಾಗಿತ್ತು. ತುಟಿ ಪಿಟಕ್ಕೆನ್ನಲಿಲ್ಲ. ಥೂ!

ಈಗ ಬಾವಿ ಹತ್ತಿರ ಬನ್ನಿ. ಪರದೆ ಮೇಲೆ ಅಕ್ಕನ ಫೋಟೋ. ಅವಳ ಫೋನು ಬ್ಯಾಟರಿ ಸತ್ತು ಇವನ ಡ್ರಾಯರಲ್ಲೇ ಬಿದ್ದಿತ್ತು. ಐದು ಸೆಕೆಂಡಾದ ಮೇಲೆ ಟೋನು ಮತ್ತೆ ಮೊದಲಿಂದ "ಲೋ" ಅನ್ನಬೇಕು ತಾನೇ? ಅನ್ನಲಿಲ್ಲ... ಮುಂದಕ್ಕೆ ಹೋಯ್ತು.

"...ಪಂಪು ಎಲ್ಲಿಟ್ಯೋ... ಸುಂಯ್..."

ಫೋನಿನೊಳಗೇ ಠಣ್ ಅಂತ ಲೋಟ ಬಿತ್ತು. ಗರಗರ ಉರುಳಿತು.

"...ದಿಂಬಿನ ಹತ್ರ ಇಲ್ಲ ಕಣೋ... ಬೇಗ ಹೇಳೋ ಪುಟ್ಟಾ..."

ಓಡಿದ. ಟೋನು ಅಳಿಸಿದ, ಸಿಮ್ಮು ಕಿತ್ತ. ಮಾರನೇ ರಾತ್ರಿ ಅದೇ ಬಾವಿ, ಅದೇ ಸದ್ದು. ಮೂರನೇ ರಾತ್ರಿ ಜಾಲರಿ ಹಿಡಿದು ಕೂತ. ಕೊನೆಗೂ ಫೋನು ಎತ್ತಿದ.

"ಅಕ್ಕಾ..." ಪಿಸುಗುಟ್ಟಿದ. "ಬೀರು ಮೇಲೆ... ರಗ್ಗಿನ ಒಳಗೆ. ನಾನೇ ಇಟ್ಟಿದ್ದು."

ಇಪ್ಪತ್ತೆರಡು ದಿನ ಆದ ಮೇಲೆ ಬಾಯಿ ಬಂತು ಮಹಾನುಭಾವನಿಗೆ.

ಆ ಕಡೆ ಕುರ್ಚಿ ಎಳೆದ ಸದ್ದು. ಕರ್ರ್... ಆಮೇಲೆ ಪುಸ್. ಇನ್ನೊಂದು ಪುಸ್. ಉದ್ದಕ್ಕೆ ಒಂದು ಉಸಿರು... ಕಾಲ್ ಕಟ್ಟಾಯ್ತು.

ಬೆಳಕು ಹರಿಯೋ ಮುಂಚೆ ನಮ್ಮನೆ ಬಾಗಿಲು ಬಡಿದ. ಅಕ್ಕನ ಮನೆ ಕೀಲಿ ಅವನ ಕೈಯಲ್ಲೇ ಇತ್ತು, ಒಬ್ಬನೇ ಹೋಗೋ ಧೈರ್ಯ ಇರಲಿಲ್ಲ. ದಾರೀಲಿ ಎಲ್ಲಾನೂ ಒದರಿದ. ಕಪಾಳಕ್ಕೆ ಬಿಗಿಯೋಣ ಅನ್ನಿಸ್ತು ನನಗೆ. ಆ ಪುಣ್ಯಾತ್ಗಿತ್ತಿ ಅಷ್ಟೊತ್ತಲ್ಲೂ ಪುಟ್ಟಾ ಅಂದಿದ್ದಳಲ್ಲ!

ಬೀಗ ತೆಗೆದ್ವಿ. ಇಪ್ಪತ್ತೆರಡು ದಿನದಿಂದ ಯಾರೂ ಹೆಜ್ಜೆ ಇಡದ ಮನೆ. ಪಂಪು ದಿಂಬಿನ ಪಕ್ಕದಲ್ಲಿತ್ತು, ಮುಚ್ಚಳ ತೆಗೆದದ್ದು.

ನಂಬದಿದ್ದರೆ ಬಿಡಿ. ನಾನೇ ಕೈಯಲ್ಲಿ ಹಿಡಿದು ನೋಡಿದೀನಿ. ಬಾಯಿಗಿಡೋ ಕಡೆ ಇನ್ನೂ ಒದ್ದೆಯಿತ್ತು.