ಶೇಖರಮ್ಮನ ಹಳದಿ ಪರದೆ

ಇದು ನಮ್ಮ ಪಕ್ಕದ ಮನೆಯ ಸಂಗನಬಸವನಿಗೆ ಆದದ್ದು. ಅವನಿಗೆ ಮಸ್ಕಿಯಲ್ಲಿ ಲಗ್ನಪತ್ರಿಕೆ ಮಾಡುವ ಅಂಗಡಿ. ಅವತ್ತು ರಾತ್ರಿ ಷಟರ್ ಎಳೆದು ಒಬ್ಬನೇ ಮನೆಗೆ ಬರುತ್ತಿದ್ದ. ಹಾಳುಬಾವಿ ದಾಟುವಾಗ ಒಳಗಿನಿಂದ ಸದ್ದು... ಟಕ್. ಟಕ್. ಆಮೇಲೆ ಗಾಜಿನ ಬಳೆ ಮೇಜಿನ ಅಂಚಿಗೆ ತಾಗಿದ ಹಾಗೆ, ಕಿಣ್.

ಅಲ್ಲೇ ನಿಂತು ಕಿವಿಗೊಟ್ಟ. ಹಾಗೆ ಟೈಪ್ ಮಾಡುತ್ತಿದ್ದವಳು ಒಬ್ಬಳೇ, ಅವನ ಅಂಗಡಿಯ ಶೇಖರಮ್ಮ. ಅವಳು ಇದೇ ಬಾವಿಗೆ ಬಿದ್ದು ಸತ್ತು ತಿಂಗಳಾಗಿತ್ತು.

ಪಾಪ, ಅವಳ ಕಣ್ಣು ಸದಾ ಉರಿಯುತ್ತಿತ್ತು. ಓದಲು ಹಿತವಾಗಲೆಂದು ಕಂಪ್ಯೂಟರ್ ಪರದೆಯನ್ನು ಹಳದಿ ಮಾಡಿಕೊಂಡಳು. ಅದೇ ಮುಳುವಾಯಿತು. ಪರದೆಯೇ ಹಳದಿ ಕಂಡದ್ದಕ್ಕೆ ಲಿಂಗಸುಗೂರಿನವರ ಪತ್ರಿಕೆಗೆ ಅರಿಶಿಣ ಬಣ್ಣ ತುಂಬುವುದನ್ನೇ ಮರೆತಳು. ಐನೂರು ಪತ್ರಿಕೆ ಬೋಳು ಬಿಳಿ. ಅಪಶಕುನ ಅಂತ ಹೆಣ್ಣಿನ ಕಡೆಯವರು ಅಂಗಡಿಯಲ್ಲೇ ಎಸೆದು ಹೋದರು.

ಸಂಗನಬಸವ ಪರದೆಯನ್ನು ಸುಣ್ಣದ ಗೋಡೆಯಷ್ಟು ಬೆಳ್ಳಗೆ ಮಾಡಿ, ಅವಳು ಬದಲಿಸದಂತೆ ಪಾಸ್‌ವರ್ಡ್ ಹಾಕಿದ.

“ಅಣ್ಣಾರ, ಬೆಳಕು ಸ್ವಲ್ಪರ ಕಮ್ಮಿ ಮಾಡ್ರಿ. ರಾತ್ರಿ ಹೊಂಟ್ರ ದಾರಿ ಕಾಣವಲ್ದು.”

“ನಿನ್ನ ಕಣ್ಣು ಹೋದ್ರ ಹೋಗ್ಲಿ. ಪತ್ರಿಕೆಯಾಗಿನ ಅರಿಶಿಣ ಹೋಗಬಾರ್ದು.”

ಎಂಟು ದಿನಕ್ಕೆ ಅವಳು ಬಾವಿಗೆ ಬಿದ್ದಳು. “ನೋಡಿ ನಡೀಬೇಕಿತ್ತು” ಅಂದ ಸಂಗನಬಸವ. ಅಷ್ಟೇ. ಅದನ್ನು ನಾನೇ ಕೇಳಿದ್ದೇನೆ.

ಅವತ್ತು ರಾತ್ರಿ ಅದೇ ಬಾವಿಯೊಳಗಿಂದ ಪಿಸುಮಾತು... “ಅಣ್ಣಾರ, ನಿಮ್ಮ ಕಣ್ಣೂ ಉರಿಯಾಕತ್ತಾವೇನ್ರಿ? ನಾ ಕಮ್ಮಿ ಮಾಡ್ತೀನಿ.”

ಟಕ್.

ಮರುದಿನ ಬೆಳಗ್ಗೆ ಎದ್ದರೆ ಅವನ ಕಣ್ಣಿಗೆ ಹಾಲು ಹಳದಿ, ಅಂಗಿ ಹಳದಿ. ಅಂದು ರಾತ್ರಿ ಬೇರೆ ದಾರಿ ಹಿಡಿದ. ಅಲ್ಲೂ ಟಕ್. ದಿನಕ್ಕೊಂದು ಟಕ್... ಹಳದಿ ಹೋಗಿ ಕಂದು ಆಯಿತು. ಹೆಂಡತಿ ಶೈಲಜಾಳ ಮುಖವೂ ಮಸುಕಾಗಿ ಕಂಡಿತು. ಸಿಂಧನೂರಿನ ಕಣ್ಣಿನ ಡಾಕ್ಟರು ಏನೂ ಆಗಿಲ್ಲ ಅಂದರು. ಕುರುಡನಾಗುವ ಭಯಕ್ಕೆ ತಾನಾಗಿಯೇ ಬಾವಿಗೆ ಹೋಗಿ ಮಂಡಿಯೂರಿದ.

“ತಪ್ಪಾತು ಯವ್ವಾ... ಮೊದಲಿನಂಗ ಬೆಳ್ಳಗ ಮಾಡು.”

“ಪಾಸ್‌ವರ್ಡ್ ಕೇಳಾಕತ್ತೈತ್ರಿ.”

ಹೇಳಿದ. ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. ಟಕ್. ಟಕ್. ಟಕ್... ಕಿಣ್.

“ತಪ್ಪಂತ್ರಿ, ಅಣ್ಣಾರ.”

ಆಮೇಲೆ ಕೊನೆಯದೊಂದು ಟಕ್.

ಸಂಗನಬಸವ ಈಗ ಮನೆಯ ಕಟ್ಟೆಯ ಮೇಲೆ ಕೂತಿರುತ್ತಾನೆ. ಬೆಳಕೂ ಇಲ್ಲ, ಕತ್ತಲೂ ಇಲ್ಲವಂತೆ. ಕಣ್ಣು ಮಾತ್ರ ಒಂದಿಷ್ಟೂ ಉರಿಯುವುದಿಲ್ಲ.

ಸುಳ್ಳು ಅನ್ನುವವರು ಕಂಪ್ಯೂಟರ್ ರಿಪೇರಿ ಮಾಡುವ ದಾನಿಷನನ್ನು ಕೇಳಿ. ಅಂಗಡಿ ಮಾರುವಾಗ ಸಂಗನಬಸವ ಬಾವಿಯ ಹತ್ತಿರ ಹೇಳಿದ್ದ ಅದೇ ಪಾಸ್‌ವರ್ಡ್ ಹೇಳಿದ, ದಾನಿಷ್ ಹಾಕಿದ. ಮೊದಲ ಸಲಕ್ಕೇ ತೆರೆಯಿತು.