ತಾನೇ ಒತ್ತುವ ಮೌಸ್

...ಅಲ್ಲ, ಮೊದಲು ಕೂತ್ಕೋ ಅಕ್ಕ. ಬಾಗಿಲಲ್ಲೇ ನಿಂತು ಹೀಗೆ ನನ್ನ ಮುಖ ನೋಡಿದ್ರೆ ಏನು ಬಂತು? ಬೈದವರು ಆ ಡಾಕ್ಟರಮ್ಮ. ನಾನು ತುಟಿ ಪಿಟಕ್ ಅಂದೆನಾ? ಎಡಗೈ ಕೊಡು. ಹಾಂ, ನಿಧಾನ... ಕುರ್ಚಿ ಹಿಂದೇನೇ ಇದೆ, ಕೂರು.

ಅಬ್ಬಾ! ಏನು ಬಿಸಿಲು, ಏನು ಬಸ್ಸು! ಒಬ್ಬರಾದ್ರೂ ಎದ್ದು ನಿನಗೆ ಜಾಗ ಕೊಟ್ರಾ? ಬಲಗೈ ಸ್ವಾಧೀನ ಇಲ್ಲ, ಕೋಲು ಹಿಡಿದಿದಾಳೆ, ಕಣ್ಣಿಗೆ ಕಾಣ್ತಿದೆ... ಎಲ್ಲ ಕಿಟಕಿ ಹೊರಗೆ ನೋಡೋರೇ. ಹಿಂದಿನ ನೀನಾಗಿದ್ರೆ ಇಡೀ ಬಸ್ಸಿಗೆ ಕೇಳೋ ಹಾಗೆ ಒಂದು ಮಾತು ಅಂದು, ನಾಲ್ಕು ಜನರನ್ನ ಎಬ್ಬಿಸಿ... ಹೋಗ್ಲಿ. ಚಹಾ ಇಡ್ತೀನಿ. ಬೇಕಾ? ಬೇಡ್ವಾ? ತಲೆಯಾದ್ರೂ ಆಡಿಸಕ್ಕ. ಏನೂ ಇಲ್ವಾ? ಸರಿ. ನನಗೆ ಬೇಕು, ಇಡ್ತೀನಿ.

ನೋಡು, ಆಕೆ ಅಂದದ್ದನ್ನ ಮನಸ್ಸಿಗೆ ಹಚ್ಕೋಬೇಡ. ಮಾತು ಕಲಿಸೋ ಡಾಕ್ಟರು ಅಂತ ಹೆಸರು, ಆಡೋ ಮಾತು ಕೇಳಿದ್ಯಾ! "ಇದು ಕಾಯಿಲೆ ಅಲ್ಲ, ಹಠ." ಹಠವಂತೆ! ಲಕ್ವ ಹೊಡೆದು ನಾಲಿಗೆ ಬಿದ್ದುಹೋದವಳಿಗೆ... "ಮನೇಲಿ ಅಷ್ಟೊಂದು ಹೇಳೋರು ನನ್ನೆದುರು ಯಾಕಮ್ಮ ಬಾಯಿ ಬಿಡಲ್ಲ? ನನ್ನ ಕಂಪ್ಯೂಟರಲ್ಲಿ ಎಲ್ಲ ಬಂದಿದೆ. ಕತ್ತರಿ ಅಂತ ದಿನಾ ಹೇಳಿದೀರಿ. ಇಗೋ ಕತ್ತರಿ. ಹೇಳಿ, ಇದೇನು?" ಹಾಗೆ ಮೂಗಿನ ಮುಂದೆ ಕತ್ತರಿ ಹಿಡಿದ್ರೆ ಯಾರಿಗೆ ತಾನೆ ಮಾತು ಬರುತ್ತೆ? ನನಗೇ ಬರ್ತಿರ್ಲಿಲ್ಲ.

ಇನ್ಮೇಲೆ ಬರೋದು ಬೇಡ ಅಂದ್ರಲ್ಲ, ಒಳ್ಳೇದೇ ಆಯ್ತು ಅಂದ್ಕೋ. "ನಿಮ್ಮ ಜಾಗಕ್ಕೆ ಕಾಯ್ತಿರೋರು ಬೇಕಾದಷ್ಟು ಜನ ಇದಾರೆ, ಅವರಿಗೆ ಕೊಡ್ತೀನಿ." ಕೊಡ್ಲಿ! ನಮಗೂ ತಿರುಗಾಟ ತಪ್ಪಿತು. ಮನೇಲಿ ಆರಾಮಾಗಿ ಇಬ್ಬರೂ... ಯಾಕೆ? ಯಾಕೆ ಹಾಗೆ ನೋಡ್ತೀಯ? ಏನು ತಪ್ಪು ಹೇಳ್ದೆ ನಾನು?

ಒಂದು ಕೇಳ್ಲಾ ಅಕ್ಕ? ಆಕೆ ನಿನ್ನನ್ನ ಕೇಳಿದ್ರಲ್ಲ, "ತಮ್ಮ ದಿನಾ ಪಕ್ಕದಲ್ಲಿ ಕೂತು ಪಾಠ ಮಾಡಿಸ್ತಾರಾ?" ಅಂತ. ನೀನು ಒಂದು ಸಲ ನನ್ನ ಕಡೆ ತಿರುಗಿದೆ. ಆಮೇಲೆ ತಲೆ ಆಡಿಸ್ದೆ. ಹೌದು ಅಂತ... ಯಾಕೆ ಹಾಗೆ ಆಡಿಸ್ದೆ? ಅಲ್ಲ, ಮಾಡಿಸ್ತಿದ್ದೆ, ಸುಳ್ಳಲ್ಲ. ಮೊದಮೊದಲು ಮಾಡಿಸ್ತಿದ್ದೆ. ಆಮೇಲೆ ಸ್ವಲ್ಪ ಹೆಚ್ಚು ಕಮ್ಮಿ ಆಗಿರಬಹುದು. ಪಾರ್ಸೆಲ್ ಆಫೀಸಿನ ಕೆಲಸ ಅಂದ್ರೆ ನಿನಗೇ ಗೊತ್ತು, ಬೆಳಗಾದ್ರೆ ಓಟ...

ಅಯ್ಯೋ, ಹಾಲು! ನಿನ್ನ ಕಡೆ ನೋಡ್ತಾ ನೋಡ್ತಾ... ಇರು, ಒರೆಸ್ತೀನಿ. ಬಟ್ಟೆ ಎಲ್ಲಿ? ಇಷ್ಟು ದಿನ ಆಯ್ತು, ಇನ್ನೂ ಒರೆಸೋ ಬಟ್ಟೆ ಎಲ್ಲಿರುತ್ತೆ ಅಂತ ಗೊತ್ತಾಗಲ್ಲ ನನಗೆ. ನಗ್ತೀಯಾ? ನಗು. ನಕ್ರೆ ಒಳ್ಳೇದೇ. ...ಓ. ನಗ್ಲಿಲ್ವಾ. ಬಾಯಿ ಒಂದು ಕಡೆ ಎಳೆದದ್ದು, ನಾನು ನಗು ಅಂದ್ಕೊಂಡೆ.

ನಿನಗೆ ನೆನಪಿದೆಯೋ ಇಲ್ವೋ, ಆಗ ನೀನು ಅರ್ಧ ನಿದ್ದೇಲಿ ಇರ್ತಿದ್ದೆ. ಡಾಕ್ಟರಮ್ಮ ಮನೆಗೆ ಅಂತ ಕೊಟ್ಟ ಕಂಪ್ಯೂಟರ್ ಪಾಠ ಅದು, ಪರದೆ ಮೇಲೆ ಒಂದು ಚಿತ್ರ ಬರೋದು. ಲೋಟ, ಕೊಡೆ, ಬೆಕ್ಕು. ನೀನು ಹೆಸರು ಹೇಳ್ಬೇಕು. ಹೇಳಿದ್ರೆ ನಾನು 'ಹೇಳಿದರು' ಅನ್ನೋದರ ಮೇಲೆ ಮೌಸ್ ಒತ್ತಬೇಕು. ಇಲ್ಲಾಂದ್ರೆ 'ಹೇಳಲಿಲ್ಲ' ಅನ್ನೋದರ ಮೇಲೆ. ಒತ್ತಿದ ತಕ್ಷಣ ಇನ್ನೊಂದು ಚಿತ್ರ. ಏನು ಒತ್ತಿದೆ ಅನ್ನೋದು ತಾನಾಗಿ ಡಾಕ್ಟರಮ್ಮನಿಗೆ ಹೋಗುತ್ತೆ. ಮೊದಲಿನ ತಿಂಗಳುಗಳೇ ಮುಖ್ಯ, ಆಗ ಎಷ್ಟು ಹೇಳಿಸಿದ್ರೆ ಅಷ್ಟು ಮಾತು ವಾಪಸ್ ಬರುತ್ತೆ, ಆಮೇಲೆ ಕಷ್ಟ ಅಂದಿದ್ರು. ಹಾಂ, ಅಂದಿದ್ರು. ನನಗೂ ಕೇಳಿಸಿತ್ತು.

ಕೂತೆನಲ್ಲ ನಾನು! ಇದೇ ಮೇಜಿಗೆ, ಇದೇ ಕುರ್ಚೀಲಿ. ಲೋಟ ಬಂದಾಗ "ಲೋ... ಲೋ..." ಅಂದೆ ನೀನು. ನಾನು ಚಪ್ಪಾಳೆ ತಟ್ಟಿದ್ದೆ. ಆಮೇಲೊಂದು ದಿನ ಕತ್ತರಿ ಬಂತು. ಹೊತ್ತು ಹುಟ್ಟಿದ್ರೆ ಕತ್ತರಿ ಹಿಡಿಯೋಳು ನೀನು, ಬಟ್ಟೆ ಹೊಲಿದು ಇಡೀ ಬೀದಿಗೆ ಉಡಿಸಿದೋಳು... "ಕ... ಕ... ಕ..." ಬೆವರು ಇಳೀತಿತ್ತು. ಕೊನೆಗೆ ಎಡಗೈ ಎರಡು ಬೆರಳನ್ನ ಹೀಗೆ ಹೀಗೆ ಆಡಿಸಿ ತೋರಿಸ್ದೆ. ಕತ್ತರಿಸೋ ಹಾಗೆ. ಆಮೇಲೆ ಅತ್ತುಬಿಟ್ಟೆ ನೀನು. ಅರಳು ಹುರಿದ ಹಾಗೆ ಮಾತಾಡ್ತಿದ್ದೋಳು... ನನ್ನ ಕರುಳು ಕಿತ್ತು ಬಂತು ಅಕ್ಕ. ಅದನ್ನ ದಿನಾ ನೋಡ್ಬೇಕಾ? ದಿನಾ ನಿನ್ನನ್ನ ಅಳಿಸ್ಬೇಕಾ? ಅದಕ್ಕೇ... ಅದಕ್ಕೇ ನಾನು...

ಏನಿಲ್ಲ. ಸಕ್ಕರೆ ಹಾಕ್ಲಾ?

ಸರಿ, ಹೇಳ್ತೀನಿ. ಹಾಗೆ ನೋಡ್ಬೇಡ, ಹೇಳ್ತೀನಿ. ನಮ್ಮ ಆಫೀಸಲ್ಲಿ ಬಂದ ಪಾರ್ಸೆಲ್‌ಗೆಲ್ಲ ಒಂದೊಂದಾಗಿ 'ತಲುಪಿದೆ', 'ತಲುಪಿದೆ' ಅಂತ ಒತ್ತಬೇಕು. ಬೆರಳು ಬಾತು ಹೋಗುತ್ತೆ. ಪಕ್ಕದ ಮೇಜಿನ ದಪ್ಪ ಕನ್ನಡಕದವನು ಒಂದು ಸಾಫ್ಟ್‌ವೇರ್ ತಂದ. ಎಲ್ಲಿ ಒತ್ತಬೇಕು, ಎಷ್ಟು ಹೊತ್ತಿಗೊಮ್ಮೆ ಒತ್ತಬೇಕು ಅಂತ ಒಂದು ಸಲ ತೋರಿಸಿಕೊಟ್ರೆ ಸಾಕು. ಆಮೇಲೆ ಮೌಸ್ ಮುಟ್ಟೋದೇ ಬೇಡ, ಅದೇ ಒತ್ತುತ್ತಾ ಹೋಗುತ್ತೆ. ಯಾರ ಜೀವಕ್ಕೂ ತೊಂದ್ರೆ ಇಲ್ಲ, ಪಾರ್ಸೆಲ್ ತಾನೆ! ಅದನ್ನೇ... ಮನೆಗೂ ತಂದೆ.

ಹೂಂ. ನಿನ್ನ ಪಾಠಕ್ಕೆ.

ಬೆಳಿಗ್ಗೆ ನೀನು ಒಳಗೆ ಮಂಚದ ಮೇಲೆ. ನಾನಿಲ್ಲಿ ಅದನ್ನ ಓಡೋಕೆ ಬಿಟ್ಟು ಗಡ್ಡ ಬೋಳಿಸ್ಕೋತಿದ್ದೆ. ಲೋಟ, ಹೇಳಿದರು. ಕೊಡೆ, ಹೇಳಿದರು. ಎಲ್ಲಾನೂ ಹೇಳಿದರು ಅಂತ ಹೋದ್ರೆ ಅನುಮಾನ ಬರುತ್ತಲ್ಲ? ಅದಕ್ಕೆ ಮಧ್ಯೆ ಮಧ್ಯೆ 'ಹೇಳಲಿಲ್ಲ' ಒತ್ತೋ ಹಾಗೂ ಮಾಡಿದ್ದೆ. ಮೊದಲು ಜಾಸ್ತಿ. ಆಮೇಲೆ ವಾರ ವಾರ ಸ್ವಲ್ಪ ಕಮ್ಮಿ ಮಾಡ್ತಾ ಬಂದೆ. ಹುಷಾರಾಗ್ತಿದಾಳೆ ಅನ್ನೋ ಹಾಗೆ... ಅಷ್ಟು ತಲೆ ಓಡಿಸಿದೀನಿ ಅಕ್ಕ. ಆ ಹೊತ್ತಲ್ಲಿ ನಿನ್ನ ಪಕ್ಕ ಕೂತಿದ್ರೆ ಬೆಕ್ಕು ಅಂತಾದ್ರೂ ಹೇಳಿಸಿರ್ತಿದ್ದೆ.

ಡಾಕ್ಟರಮ್ಮ ಫೋನು ಮಾಡಿ, "ಇಂಥ ತಮ್ಮ ಎಲ್ಲರಿಗೂ ಸಿಗಲ್ಲಪ್ಪ, ಒಂದು ದಿನಾನೂ ತಪ್ಪಿಸಿಲ್ಲ ನೀವು" ಅಂದ್ರು. ನಾನೇನಂದೆ ಗೊತ್ತಾ? "ನಮ್ಮಕ್ಕ ಅಲ್ವಾ ಮೇಡಂ, ಅವಳೇ ನನಗೆ ತಾಯಿ" ಅಂದೆ. ಅಂದು, ಕಣ್ಣು ಬೇರೆ ಒರೆಸ್ಕೊಂಡೆ.

ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಕಾಣಲ್ಲ ಅಂದ್ಕೊಂಡಿರುತ್ತಂತೆ. ನಾನೂ ಹಾಗೇ. ನಿನಗೆ ತಿಳಿದಿಲ್ಲ ಅಂತಲೇ ಇದ್ದೆ, ಇವತ್ತಿನ ತನಕ. ಅಲ್ಲಿ ಆಕೆ ತನ್ನ ಕಂಪ್ಯೂಟರಲ್ಲಿ ಪಾಠ ತೆಗೆದು, ತೋರಿಸೋಕೆ ಅಂತ 'ಹೇಳಿದರು' ಒತ್ತಿದ್ರು ನೋಡು. ಅದು "ಶಭಾಷ್!" ಅಂತ ಕೂಗ್ತು. ನೀನು ಬೆಚ್ಚಿ ಬಿದ್ದು ಎಡಗೈಯಲ್ಲಿ ಕಿವಿ ಮುಚ್ಕೊಂಡೆ.

ಆಗ ಹೊಳೀತು ನನಗೆ. ಮನೇಲಿ ಪಾಠ ಓಡುವಾಗ ಆ ಶಬ್ದ ನಾನು ಯಾವತ್ತೂ ನಿಲ್ಲಿಸಿರ್ಲೇ ಇಲ್ಲ.

ಮಂಚದ ಮೇಲೆ ಮಲಗಿ ದಿನಾ ಕೇಳಿಸ್ಕೊಂಡ್ಯಾ ಅದನ್ನ? ಯಾರೂ ಏನೂ ಹೇಳದೇನೇ "ಶಭಾಷ್, ಶಭಾಷ್" ಅನ್ನೋದನ್ನ? ಕೇಳಿಸ್ಕೊಂಡು... ಎದ್ದು ಬಾ ಅಂತ ಕೈ ಮಾಡಿ ಕರೆಯೋಣ ಅಂದ್ರೆ ನಾನು ನಿನಗೆ ಕಾಣೋ ಹಾಗೂ ಇರ್ಲಿಲ್ಲ, ಕೂಗೋಕೆ ಬಾಯಿಲ್ಲ. ಯಾವತ್ತಿಂದ ಗೊತ್ತಿತ್ತು ನಿನಗೆ? ಮೊದಲ ದಿನದಿಂದಾನಾ? ತಲೆ ಆಡಿಸಕ್ಕ, ಕೈ ಮುಗೀತೀನಿ.

ಗೊತ್ತಿದ್ದೂ ಅಲ್ಲಿ ಹೌದು ಅಂತ ತಲೆ ಆಡಿಸ್ದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ನೀನು ಹಠಮಾರಿ ಅಂತ ಅನ್ನಿಸ್ಕೊಂಡೆ, ಜಾಗ ಕಳ್ಕೊಂಡೆ, ನನ್ನ ಹೆಸರು ಬಿಟ್ಟುಕೊಡ್ಲಿಲ್ಲ. ನಾನು ಪಕ್ಕದಲ್ಲೇ ಬ್ಯಾಗ್ ತಬ್ಕೊಂಡು ಕೂತಿದ್ದೆ. "ಸ್ವಲ್ಪ ಹಠ ಇದೆ ಮೇಡಂ, ಚಿಕ್ಕಂದಿನಿಂದ" ಅಂತ ಒಗ್ಗರಣೆ ಬೇರೆ ಹಾಕ್ದೆ. ಥೂ.

ಹೇಳ್ದೆನಲ್ಲ, ನಿನ್ನ ಅಳು ನೋಡೋಕಾಗ್ಲಿಲ್ಲ, ಅದಕ್ಕೆ ಅಂತ. ...ಅಲ್ವಾ? ಕೆಲಸ ಜಾಸ್ತಿ ಇತ್ತು ಅಕ್ಕ. ಸುಸ್ತಾಗ್ತಿತ್ತು. ...ಅದೂ ಅಲ್ವಾ? ಮತ್ತೆ ಏನಂತ ಹೇಳ್ಲಿ? ಬಾಯಿ ಇದ್ದಾಗ ನನ್ನ ಮಾತು ಮುಗಿಸೋಕೆ ಬಿಡ್ತಿರ್ಲಿಲ್ಲ, ಈಗ ಸುಮ್ನೆ ಕೂತೂ ಬಿಡಲ್ಲ ನೀನು!

...ತಪ್ಪಾಯ್ತು. ಕೂಗಬಾರದಿತ್ತು.

ಪುಸ್ತಕದಂಗಡಿಯವಳು ನೆನಪಿದಾಳಾ, ನನಗೆ ಮನಸ್ಸಾಗಿದ್ದೋಳು? ಇಲ್ಲಿಗೆ ಬಂದಿದ್ಲಲ್ಲ ಒಂದು ಸಲ. ನಿಮಗೇನಿಷ್ಟ ಅಂತ ನನ್ನನ್ನ ಕೇಳಿದ್ಲು. ನನ್ನನ್ನ, ಅಕ್ಕ. ನಾನು ಬಾಯಿ ತೆರೆಯೋದ್ರೊಳಗೆ ನೀನು, "ಇವನಿಗೇನಮ್ಮ ಗೊತ್ತು, ಕಾಲುಚೀಲದ ಜೋಡಿ ಹುಡುಕೋಕೂ ನಾನೇ ಬೇಕು" ಅಂದೆ. ಅವಳು ನಕ್ಕಳು. ನಾನೂ ನಕ್ಕೆ. ಮತ್ತೆ ಬರ್ಲಿಲ್ಲ ಅವಳು. ನಿನ್ನ ಮನಸ್ಸಲ್ಲಿ ಏನೂ ಇರ್ಲಿಲ್ಲ, ಗೊತ್ತು. ಕ್ಷೌರದಂಗಡೀಲೂ ನನ್ನ ಕೂದಲು ಹೇಗಿರ್ಬೇಕು ಅಂತ ಹೇಳ್ತಿದ್ದೋಳು ನೀನೇ. ಹೊಲಿಗೆ ಮಿಷನ್ ತುಳಿದು ತುಳಿದು ನನ್ನನ್ನ ಸಾಕಿದ್ದೀಯ, ನನ್ನ ಬದಲು ಮಾತಾಡೋದೂ ಅದರ ಜೊತೇಲೇ ಬಂದಿರ್ಬೇಕು.

ಲಕ್ವ ಹೊಡೆದ ಮೇಲೆ... ಆಸ್ಪತ್ರೆಯಿಂದ ಕರ್ಕೊಂಡು ಬಂದ ಮೇಲೆ... ಒಂದು ಸಂಜೆ ಇಲ್ಲೇ ಕೂತು ಆಫೀಸಿನ ಏನೋ ಒಂದು ಸಂಗತಿ ಹೇಳ್ತಿದ್ದೆ. ನೀನು ಕೇಳ್ತಿದ್ದೆ. ಮಧ್ಯೆ ಯಾರೂ ಬಾಯಿ ಹಾಕ್ಲಿಲ್ಲ. ನಾನೇ ಶುರು ಮಾಡಿದ ಮಾತನ್ನ ನಾನೇ ಮುಗಿಸ್ದೆ. ಮುಗಿಸಿ ನೋಡಿದ್ರೆ, ಮನೆ ಎಷ್ಟು ನಿಶ್ಶಬ್ದ! ನನಗೆ... ಬಾಯಿ ಬರ್ತಿಲ್ಲ ಅಕ್ಕ ಹೇಳೋಕೆ.

ಹಾಯಾಗಿತ್ತು.

ನಿನಗೆ ಮಾತು ಬರೋದು ನನಗೆ ಬೇಕಾಗಿರ್ಲಿಲ್ಲ. ಇಷ್ಟೇ. ಕರುಣೆ ಅಲ್ಲ, ಕೆಲಸ ಅಲ್ಲ. "ಲೋ... ಲೋ..." ಅಂದ್ಯಲ್ಲ, ಅವತ್ತು ಚಪ್ಪಾಳೆ ತಟ್ಟಿದ ಕೈಯೇ ತಣ್ಣಗಾಯ್ತು. ಮಾತು ಬಂದುಬಿಡುತ್ತೆ ಅಂತ. ಕತ್ತರಿ ಬಂದಾಗ ನೀನು ಅತ್ಯಲ್ಲ... ಆಗ ನಿನ್ನ ಜೊತೆ ನಾನೂ ಅತ್ತೆ, ನಿಜ. ಆದ್ರೆ ಒಳಗೆಲ್ಲೋ, ಸದ್ಯ, ಇವತ್ತು ಬರ್ಲಿಲ್ಲ ಅಂತ...

ಮುಖ ತಿರುಗಿಸಬಹುದಿತ್ತು ನೀನು. ಆ ಕೋಲಲ್ಲಿ ಒಂದು ಬಿಟ್ಟಿದ್ರೆ ತಿಂತಿದ್ದೆ.

ಏನದು? ಏನು ತೋರಿಸ್ತಿದೀಯ? ಬ್ಯಾಗಾ? ನೀರು ಬೇಕಾ? ಅಲ್ಲ... ಫೋನು. ಫೋನು ಯಾಕೆ? ...ಈಗ್ಲೇನಾ? ಡಾಕ್ಟರಮ್ಮ ಮನೆಗೆ ಹೊರಟಿರ್ತಾರೆ ಅಕ್ಕ. ನಾಳೆ ನಾನೇ ಖುದ್ದಾಗಿ ಹೋಗಿ... ನಿಧಾನವಾಗಿ, ಹೇಗೆ ಹೇಳ್ಬೇಕು ಅಂತ ಯೋಚನೆ ಮಾಡಿ...

...

ಸರಿ. ಕೊಡು. ನೀನು ಕೈ ಬಿಡು, ನಾನೇ ಒತ್ತುತ್ತೀನಿ.

ಹಲೋ... ಮೇಡಂ? ನಾನು, ಟೈಲರಮ್ಮನ ತಮ್ಮ. ಮಧ್ಯಾಹ್ನ ಬಂದಿದ್ವಲ್ಲ... ಹೌದು. ಇಲ್ಲ ಇಲ್ಲ, ಅವಳು ಚೆನ್ನಾಗಿದಾಳೆ. ಒಂದು ವಿಷಯ ಹೇಳ್ಬೇಕಿತ್ತು. ದಯವಿಟ್ಟು ಆ ಜಾಗ ಇನ್ನೊಬ್ಬರಿಗೆ ಕೊಡೋಕೆ ಮುಂಚೆ ಕೇಳಿ. ನಮ್ಮಕ್ಕ ಹಠ ಮಾಡ್ತಿಲ್ಲ ಮೇಡಂ. ಅವಳಿಗೆ ಯಾರೂ ಪಾಠ ಮಾಡಿಸೇ ಇಲ್ಲ.

...ಹೌದು, ನಾನೇ. ನಿಮ್ಮ ಕಂಪ್ಯೂಟರಿಗೆ ಬಂದಿದ್ದೆಲ್ಲ ನಾನೇ ಮಾಡಿದ್ದು.

...ಇಲ್ಲ, ಅವಳ ಬೆನ್ನ ಹಿಂದೆ ಅಲ್ಲ. ಇಲ್ಲೇ ಕೂತಿದಾಳೆ. ಅವಳ ಎದುರಿಗೇ ಹೇಳ್ತಿದೀನಿ.