ಮೈಮುನಾನ ಕಿಡಕಿ ದೀಪ

ಧಾರವಾಡದ ಮಾಳಮಡ್ಡಿಯಲ್ಲಿ ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡುವ ಲಕ್ಷಣ ಕಾಣಲಿಲ್ಲ. ಕರೆಂಟೂ ಹೋಯಿತು. ದೇವಕ್ಕನ ಪಡಸಾಲೆಯಲ್ಲಿ ಮನೆಮಂದಿ, ಮಳೆಗೆ ಸಿಕ್ಕಿಬಿದ್ದ ನೆರೆಯವರಾದ ನಾವು, ಎಲ್ಲ ಚುರಮುರಿ ಬುಟ್ಟಿಯ ಸುತ್ತ ಒತ್ತಿ ಕೂತೆವು. ಯಾರದೋ ಹಳೆಯ ಗಾಜಿನ ದೀಪ ಮಾರಾಟಕ್ಕಿದೆ, ಕೊಳ್ಳಲೇ ಎಂದು ಸೊಸೆ ಕೇಳಿದಳು. ಮುದುಕಿ ದೇವಕ್ಕ ಗೋಡೆಗೆ ಬೆನ್ನು ಕೊಟ್ಟು ಸರಿಯಾಗಿ ಕೂತಳು.

"ಕೊಳ್ಳವಾ... ಆದ್ರ ಅದು ಮೊದಲ ಯಾರ ಸಲುವಾಗಿ ಉರೀತಿತ್ತು ಅಂತ ಕೇಳಿ ಕೊಳ್ಳು.

ನಾ ಈ ಓಣಿಗೆ ಸೊಸಿಯಾಗಿ ಬಂದಾಗ, ಅರವತ್ತರ ಆಚೀಚಿ ಇರಬೇಕು, ಎದುರಿನ ಮನ್ಯಾಗ ಬಾಳಕೃಷ್ಣರಾಯರಂತ ವಕೀಲರಿದ್ರು. ಅವರಿಗೆ ದೀಪದ ಹುಚ್ಚು. ಎಂಥಾ ಹುಚ್ಚು ಅಂತೀರಿ? ಬಳ್ಳಿ ಬಿಡಿಸಿದ ಹಾಲುಗಾಜಿನವು, ಚೀನಿಮಣ್ಣಿನ ಗೊಂಬಿ ತಲಿಮ್ಯಾಲೆ ಗಾಜಿನ ಬುರುಡಿ ಹೊತ್ತವು... ಯಾವ ಸಾಹೇಬ್ರ ಬಂಗ್ಲೆ ಖಾಲಿ ಆತು, ಯಾವ ದೇಸಾಯರ ವಾಡೇದಾಗ ಪಾಲು ಆತು ಅಂದ್ರ ಸಾಕು, ಕೋರ್ಟು ಬಿಟ್ಟು ಓಡವ್ರು. ಹೇಣ್ತಿ ಮೃಣಾಲಿನಿಬಾಯಿಗೆ ದಿನಾ ಅವುಗಳ ಧೂಳಾ ಒರಸೂದ ಕೆಲಸ.

ಒಂದು ಮಳಿಗಾಲ ರಾಯರು ಹುಬ್ಬಳ್ಳಿ ಗುಜರಿ ಅಂಗಡಿಯಿಂದ ಒಂದು ದೀಪಾ ತಂದ್ರು. ಚೀನಿಮಣ್ಣಿನ ಬುಡಾ, ಅದರ ತುಂಬ ಗುಲಾಬಿ, ಮ್ಯಾಲೆ ಕೆಂಪು ಗಾಜಿನ ಬುರುಡಿ. ಹಚ್ಚಿ ಕಿಡಕ್ಯಾಗ ಇಟ್ರ ಓಣಿ ತುದೀತನಕ ಕಾಣತಿತ್ತು. ಇಟ್ಟ ದಿನಾನ, ಮೃಣಾಲಿನಿಬಾಯಿ ಒಳಗ ಅಕ್ಕಿ ಆರಸಾಕತ್ತಿದ್ಲು, ಪಡಸಾಲ್ಯಾಗ ಯಾರೋ ತೊಯ್ದ ಕಾಲಿಲೆ ಬಂದು ಕುಂತಂಗಾತು. 'ಬತ್ತಿ ಸಣ್ಣ ಮಾಡು, ಬಂದೇನಿ' ಅಂತ ಗಂಡಸಿನ ಧ್ವನಿ. ಗಂಡನ ಇರಬೇಕು ಅಂತ ಹೋಗಿ ಸಣ್ಣ ಮಾಡಿದ್ಲು. ಖುರ್ಚಿ ಖಾಲಿ... ಕೆಳಗ ನೀರು, ತೊಯ್ದ ಹತ್ತಿ ವಾಸನಿ. ರಾಯರು ಇನ್ನೂ ಕೋರ್ಟಿನಿಂದ ಬಂದೇ ಇರಲಿಲ್ಲ.

ದಿನಾ ಸಂಜಿ ಇದ ಆತು. 'ಮಾಳಗಿ ಸೋರ್ತದ' ಅಂತ ರಾಯರು ನಕ್ಕುಬಿಟ್ರು. ಆಕಿಗೆ ಕುಂತಲ್ಲಿ ಕೂಡಾಕ ಆಗವಲ್ದು, ನಿಂತಲ್ಲಿ ನಿಂದ್ರಾಕ ಆಗವಲ್ದು. ಕಡೀಕ ಗುಜರಿಯವನ್ನ ಕೇಳ್ಕೋತ ಹಳೇಹುಬ್ಬಳ್ಳಿಗೆ ಹೋಗಿ, ದೀಪದ ಒಡತಿ ಮೈಮುನಾನ್ನ ಹುಡುಕಿದ್ಲು.

ಮೈಮುನಾನ ಗಂಡ ಅಲ್ಲಾವುದ್ದೀನ ಲಾರಿ ಹೊಡಿಯಾಂವ. ಹತ್ತಿ ಅಂಡಿಗಿ ಹೇರಿಕೊಂಡು ಕಾರವಾರದ ಕಡೆ ಹ್ವಾದಾಂವ... ಘಟ್ಟದ ಹಳ್ಳದಾಗ ಲಾರಿ ಸಿಕ್ತು, ಅಂವಾ ಸಿಗಲಿಲ್ಲ. 'ಆ ದೀಪಾ ಅಂವನ ತಂದಿದ್ದ ಬಾಯೀ,' ಅಂದ್ಲಂತ ಮೈಮುನಾ. 'ಮಳ್ಯಾಗ ಅದನ್ನ ನೋಡೇ ನಮ್ಮನಿ ಗುರ್ತ ಹಿಡೀತಿದ್ದ. ಸತ್ತಮ್ಯಾಲೂ ದಿನಾ ಬರತಿದ್ದ. ನಾ ಊರಾಗ ಇಲ್ಲದಾಗ ಮೈದುನ ದೀಪಾ ಮಾರಿಬಿಟ್ಟ. ಈಗ ಯಾರ ಮನಿ ಹೊಕ್ಕಾನೋ...'

ಮೃಣಾಲಿನಿಬಾಯಿ ಮನಿಗೆ ಬಂದು, ದೀಪಾ ಆಕಿಗೆ ಕೊಟ್ಟುಬಿಡ್ರಿ ಅಂದ್ಲು. 'ಕದ್ದು ತಂದೀನೇನು?' ಅಂತ ರಾಯರು ಅದನ್ನ ಆರಿಸಿ ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ರು. ಅವತ್ತ ಸಂಜಿ ಏನಾತು ಗೊತ್ತೇನ್ರಿ? ಈ ಓಣ್ಯಾಗ ಒಂದೊಂದ ಬಾಗಲಾ ಬಡಕೋತ ಬಂತು. 'ನನ್ನ ಮನಿ ಯಾವುದ್ರೀ?' ಅಂತ... ಈ ಬಾಗಲಾನೂ ಬಡೀತು. ನಾ ಈ ಕಿವೀಲೆ ಕೇಳೇನಿ. ಮುಂಜಾನೆ ರಾಯರು ತಾವ ದೀಪಾ ಧೋತರದಾಗ ಸುತ್ತಿ ಹೇಣ್ತಿ ಕೈಯಾಗ ಕೊಟ್ರು.

ಮೈಮುನಾ ಅದನ್ನ ತನ್ನ ಕಿಡಕ್ಯಾಗ ಹಚ್ಚಿದ್ಲು. ಇಬ್ಬರೂ ಬಾಜೂಕ ಬಾಜೂಕ ಕುಂತು ದಾರಿ ನೋಡಿದ್ರು... ಹೊತ್ತು ಮುಣುಗಿತು, ಯಾರೂ ಬರಲಿಲ್ಲ. ಮೃಣಾಲಿನಿಬಾಯಿ ಧಾರವಾಡಕ್ಕ ಹೊಳ್ಳಿ ಬಂದು ನೋಡಿದ್ರ ರಾಯರು ಹೊರಗ ಕಟ್ಟಿಮ್ಯಾಲೆ ಮಳ್ಯಾಗ ಕುಂತಿದ್ರು. 'ನಡುಮನ್ಯಾಗ ಕೂತಾನ,' ಅಂದ್ರು. 'ಇದ ನನ್ನ ಮನಿ ಅಂತಾನ. ಮೈಮುನಾ ಎಲ್ಲಿ ಅಂತ ಕೇಳ್ತಾನ.'

ಹಿಂದಿನ ಸಂಜಿ ಬಾಗಲಾ ಬಡದು ಬಡದು ಆ ಮನಿ ಗುರ್ತ ಆಗಿಬಿಟ್ಟಿತ್ತಲ್ಲ... ಇನ್ನ ದೀಪಾ ಯಾಕ ಬೇಕು ಅಂವಗ?

ಮರುದಿನ ಮೃಣಾಲಿನಿಬಾಯಿ ಆಕೀನ್ನ ಕೈ ಹಿಡದು ಕರಕೊಂಡು ಬಂದ್ಲು. ಮೈಮುನಾ ನಡುಮನಿ ಹೊಕ್ಕು ಕದಾ ಮುಂದ ಮಾಡಿಕೊಂಡ್ಲು. ಒಳಗ ಸಣ್ಣ ಧ್ವನೀಲೆ ಮಾತು... ಗಂಡಾ ಹೇಣ್ತಿ ಬಾಳ ದಿವಸಕ್ಕ ಕೂಡಿದ್ರ ಹೆಂಗ ಮಾತಾಡ್ತಾರ, ಹಂಗ. ಒಂದು ದೀಪಾ ಕೊಡಲಾರದ ರಾಯರು ಆ ಕೋಣಿನ ಬಿಟ್ಟುಕೊಟ್ರು. ಆಕಿ ಅಲ್ಲೇ ಉಳದ್ಲು, ಸಾಯೂತನಕ. ಸತ್ತಾಗ ಮೃಣಾಲಿನಿಬಾಯಿ ಒಡಹುಟ್ಟಿದಾಕಿ ಹೋದಂಗ ಅತ್ಲು. ಇನ್ನ ಎಲ್ಲಾ ಮುಗೀತು ಅಂತ ತಿಳಿದ್ಲು. ಮಣ್ಣು ಮಾಡಿ ಬಂದ ಸಂಜೀನ ಆ ಕದಾ ಒಳಗಿಂದ ಚಿಲಕಾ ಬಿತ್ತು... ಒಳಗ ಇಬ್ಬರ ಮಾತು.

ರಾಯರು ಮನಿ ಮಾರಿ ಪುಣೆಕ್ಕ ಹ್ವಾದ್ರು. ಆಮ್ಯಾಲೆ ಎಷ್ಟೋ ಮಂದಿ ಬಂದ್ರು, ಹ್ವಾದ್ರು. ಈಗಿದ್ದವರು ಛಲೋ ಮಂದಿ. ಮೊನ್ನೆ ಆ ಮನಿ ಹೆಣ್ಮಗಳು ಬಂದಿದ್ಲು, 'ಅಜ್ಜೀ, ಮಳಿಗೆ ನಮ್ಮ ನಡುಮನಿ ಕದಾ ಉಬ್ಬೇತಿ, ಸಂಜಿಮುಂದ ತೆಗಿಯಾಕ ಬರವಲ್ದು, ಬಡಿಗ್ಯಾನ್ನ ಕರಸ್ಬೇಕು' ಅಂತ.

ನಾ ಏನ್ ಹೇಳ್ಲೆವಾ? ಮುಂಜಾನೆ ಕರಸು, ಹಗಲಿನ್ಯಾಗ ಅದು ತಾನ ತೆರೀತೈತಿ ಅಂದೆ."